ಡಿಟೆಕ್ಟರ್ ಕಾಯಿಲ್: ಆಳ ಬೇಕಂದ್ರ ಯಾವ ಅಳತಿ, ಎಷ್ಟು ಸುತ್ತು?

ಬೆಣ್ಣಿಹಳ್ಳ (ರೋಣ)

ಎಲ್ಲಾರಿಗೂ ನಮಸ್ಕಾರ್ರಿ. ಊರಿನ ಹಳೇ ನೀರಿನ ಲೈನಿನ ವಾಲ್ವ್ ಚೇಂಬರ್ ಹುಡುಕೋ ಕೆಲಸ ಐತಿ. ಮುಚ್ಚಳ ಬೀಡಿನ್ವು, ಒಂದೂವರಿ ಫೂಟು ಅಗಲ. ರಸ್ತೆಗೆ ಗರಸು, ಅದರ ಮ್ಯಾಲೆ ಡಾಂಬರು ಬಿದ್ದು ಬಿದ್ದು ಈಗ ಎರಡೂವರಿಯಿಂದ ಮೂರು ಫೂಟು ಕೆಳಗ ಹೋಗ್ಯಾವು. ಕೈಯಾಗಿರೋದು ಲೋಹ ಹುಡುಕೋ ಪಲ್ಸ್ ಇಂಡಕ್ಷನ್ ಕಿಟ್ (ಕಾಯಿಲಿಗೆ ಕರೆಂಟಿನ ಹೊಡೆತ ಕೊಟ್ಟು, ಅದು ನಿಂತ ಮ್ಯಾಲೆ ಲೋಹದ ದನಿ ಕೇಳೋದು): 12 ವೋಲ್ಟ್ ಬ್ಯಾಟರಿ, 26 ಸೆಂ.ಮೀ. ದುಂಡನ ಕಾಯಿಲ್, ಐಆರ್‌ಎಫ್ 740 ಮಾಸ್ಫೆಟ್ (ಕರೆಂಟು ಹಚ್ಚಿ ಆರಿಸೋ ಸ್ವಿಚ್ಚು), ಡಿಲೇ (ಹೊಡೆತ ನಿಂತ ಮ್ಯಾಲೆ ಕೇಳಾಕ ಶುರು ಮಾಡೋತನಕದ ಹೊತ್ತು) 12 ಮೈಕ್ರೊಸೆಕೆಂಡ್. ರಸ್ತೆ ಮ್ಯಾಲೆ ಹಿಡದ್ರ ಮೊಳಿ, ತಂತಿ ಚೂರು, ಬಾಟಲಿ ಬಿರಡಿ ಎಲ್ಲಾದಕ್ಕೂ ಕೂಗತೈತಿ, ಮುಚ್ಚಳಕ್ಕ ಮಾತ್ರ ಗಟ್ಟಿ ದನಿ ಬರವಲ್ದು.

ಕೇಳಬೇಕಾದದ್ದು ಮೂರು. ಬ್ಯಾಟರಿ 24 ವೋಲ್ಟ್ ಮಾಡಿದ್ರ ಆಳ ಡಬಲ್ ಅಕ್ಕೈತೇನು? ದೊಡ್ಡ ಕಾಯಿಲ್ ಸುತ್ತಬೇಕಂದ್ರ ಯಾವ ಅಳತಿ, ಎಷ್ಟು ಸುತ್ತು? ಇಲ್ಲಾ ಬ್ಯಾರೆ ಕಂಪನಿ ದೊಡ್ಡ ಕಾಯಿಲ್ ತಂದು ಇದಕ್ಕ ಹಚ್ಚಾಕ ಬರತೈತೇನು?

ಸುತ್ತು-ಗೇಜ್ (ಹುಬ್ಬಳ್ಳಿ)

24 ವೋಲ್ಟಿನ ವಿಚಾರ ಮೊದಲು ಬಿಡಿ. ಕಾಯಿಲ್‌ನ ಕಾಂತಕ್ಷೇತ್ರ ಕೆಳಗಿಳಿಯುತ್ತ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಮುಚ್ಚಳದಲ್ಲಿ ಹುಟ್ಟಿದ ಕರೆಂಟಿನ ಕ್ಷೇತ್ರ ಮೇಲೆ ಬರುವಾಗ ಮತ್ತೆ ಅದೇ ಲೆಕ್ಕ. ಎರಡೂ ಸೇರಿ ಆರನೇ ಘಾತ. ಆಳ ಎರಡರಷ್ಟಾದರೆ ದನಿ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತಿರುಗಿಸಿ ಹೇಳುವುದಾದರೆ, ಕಾಯಿಲ್ ಕರೆಂಟು ಎರಡರಷ್ಟು ಮಾಡಿದರೆ ಆಳ ಹೆಚ್ಚುವುದು ನೂರಕ್ಕೆ 12. ಅರ್ಧ ಮೀಟರ್ ಇದ್ದದ್ದು 56 ಸೆಂ.ಮೀ. ಆಗುತ್ತದೆ, ಅಷ್ಟೇ. ಅದಕ್ಕೆ ತೆರುವ ಬೆಲೆ ಮಾತ್ರ ದೊಡ್ಡದು: ಕಾಯಿಲ್ ಬಿಸಿ ನಾಲ್ಕು ಪಟ್ಟು, ಮಾಸ್ಫೆಟ್ ಮೇಲಿನ ಹೊಡೆತ ನಾಲ್ಕು ಪಟ್ಟು, ಕಿಟ್‌ನಲ್ಲಿ 16 ವೋಲ್ಟಿನ ಕೆಪಾಸಿಟರ್ ಇದ್ದರೆ ಅದು ಉಬ್ಬಿ ಒಡೆಯುತ್ತದೆ.

ಆಳ ಕೊಡುವುದು ಕಾಯಿಲ್ ಅಗಲ. ಸುತ್ತು ಮತ್ತು ಕರೆಂಟು ಅಷ್ಟೇ ಇಟ್ಟುಕೊಂಡರೆ, ಒಂದು ಆಳದಲ್ಲಿ ಅತಿ ಹೆಚ್ಚು ಕ್ಷೇತ್ರ ಸಿಗುವುದು ಕಾಯಿಲ್ ತ್ರಿಜ್ಯ ಆ ಆಳದ 1.4 ಪಟ್ಟು ಇದ್ದಾಗ. ಅಂದರೆ ಒಂದು ಮೀಟರ್ ಆಳಕ್ಕೆ 2.8 ಮೀಟರ್ ಅಗಲದ ಕಾಯಿಲ್. ಅದನ್ನು ಹೊತ್ತು ರಸ್ತೆಯಲ್ಲಿ ನಡೆಯಲಾಗದು. ನಿಮ್ಮ ಮೂರು ಫೂಟಿಗೆ ಒಂದು ಮೀಟರ್ ಚೌಕ ಸರಿಯಾದ ಅಳತೆ, ಇಬ್ಬರು ಹಿಡಿದು ನಡೆಯಬಹುದು. ಇನ್ನೊಂದು ಲಾಭ: ದೊಡ್ಡ ಕಾಯಿಲ್‌ಗೆ ಮೊಳೆ, ಬಿರಡೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ನಡುವಿನ ಕ್ಷೇತ್ರ ತೆಳುವಾಗಿರುತ್ತದೆ, ಸುತ್ತೂ ಕಡಿಮೆ. ಚಿನ್ನ ಹುಡುಕುವವರಿಗೆ ಅದು ನಷ್ಟ, ನಿಮಗೆ ಅದೇ ಬೇಕಾದದ್ದು.

ಕಿಟ್‌ನ ಎಲೆಕ್ಟ್ರಾನಿಕ್ಸ್ ಸುಮಾರು 300 ಮೈಕ್ರೊಹೆನ್ರಿ ಇಂಡಕ್ಟೆನ್ಸಿಗೆ (ಕರೆಂಟಿನ ಏರಿಳಿತಕ್ಕೆ ಕಾಯಿಲ್ ಒಡ್ಡುವ ತಡೆಯ ಅಳತೆ) ಮಾಡಿದ್ದಿರುತ್ತದೆ. ಅದನ್ನೇ ಕಾಪಾಡಿ.

26 ಸೆಂ.ಮೀ. ದುಂಡು: 24 ಗೇಜ್ ಎನಾಮಲ್ ತಂತಿ, 21 ಸುತ್ತು, ಸುಮಾರು 17 ಮೀಟರ್, ರೆಸಿಸ್ಟೆನ್ಸ್ 1.2 ಓಮ್. ತೂಕಕ್ಕೆ 40 ಗ್ರಾಂ ಸಾಕು, ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ.

1 ಮೀಟರ್ ಚೌಕ: 0.75 ಚದರ ಮಿ.ಮೀ. ಮನೆ ವೈರಿಂಗಿನ ಎಳೆ ತಂತಿ, 9 ಸುತ್ತು, 36 ಮೀಟರ್, ರೆಸಿಸ್ಟೆನ್ಸ್ 0.9 ಓಮ್ ಹತ್ತಿರ, ಇಂಡಕ್ಟೆನ್ಸ್ 290–300 ಮೈಕ್ರೊಹೆನ್ರಿ. ಅಂಗಡಿಯ 90 ಮೀಟರ್ ಸುರುಳಿಯಲ್ಲಿ ಎರಡು ಕಾಯಿಲ್ ಆಗುತ್ತವೆ. ಸುತ್ತುಗಳನ್ನು ಬಿಗಿಯಾಗಿ ಕಂತೆ ಕಟ್ಟಿದರೆ ಇಂಡಕ್ಟೆನ್ಸ್ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. 280–330 ನಡುವೆ ಎಲ್ಲಿ ಬಂದರೂ ನಡೆಯುತ್ತದೆ.

ಮೂರನೇ ಪ್ರಶ್ನೆ: ಪ್ಲಗ್ ಕೂತಿತು ಅಂತ ಬೇರೆ ಕಂಪನಿಯ ಕಾಯಿಲ್ ಹಾಕಬೇಡಿ. ವಿಎಲ್‌ಎಫ್ (ಪಲ್ಸ್ ಬದಲು ಕಡಿಮೆ ಫ್ರೀಕ್ವೆನ್ಸಿಯ ಅಲೆಯನ್ನು ಎಡೆಬಿಡದೆ ಕಳಿಸುವ) ಯಂತ್ರದ ಕಾಯಿಲ್‌ನಲ್ಲಿ ಕಳಿಸುವ ಸುತ್ತು ಬೇರೆ, ಹಿಡಿಯುವ ಸುತ್ತು ಬೇರೆ, ಎರಡನ್ನೂ ಒಂದಕ್ಕೊಂದು ತೂಗಿಸಿ ಕೂರಿಸಿರುತ್ತಾರೆ. ನಿಮ್ಮ ಪಲ್ಸ್ ಕಿಟ್‌ಗೆ ಅದು ಏನೇನೂ ಆಗದು.

ಬೆಣ್ಣಿಹಳ್ಳ (ರೋಣ)

ಭಾಳ ಚಲೋ ಬಿಡಿಸಿ ಹೇಳಿದ್ರಿ. ಚೌಕಟ್ಟು ಯಾತರದು ಮಾಡಬೇಕು? 20 ಎಂಎಂ ಕಂಡ್ಯೂಟ್ ಪೈಪಿನ್ಯಾಗ ತಂತಿ ತುರುಕಿದ್ರ ಹೆಂಗ?

ಸಾಧನಕೇರಿ (ಧಾರವಾಡ)

ತುರುಕಲಿಕ್ಕೆ ಬರೂದಿಲ್ಲರಿ. ಕಟ್ಟಿದ ಕಂತಿ ಅಂದ್ರ ಅದು ಮುಚ್ಚಿದ ಬಳಿ, ಪೈಪಿನ ಬಾಯಿಯಿಂದ ಒಳಗ ಹೋಗೂದು ಹ್ಯಾಂಗ? ಒಂದೊಂದೇ ಸುತ್ತು ಎಳದ್ರ ನಾಲ್ಕು ಬೆಂಡಿನೊಳಗ ಐದನೇ ಸುತ್ತಿಗೆ ಸಿಕ್ಕಿಬೀಳ್ತದ. ಎಲೆಕ್ಟ್ರಿಷಿಯನ್ನರು ಗ್ವಾಡಿಗೆ ಹಚ್ಚತಾರಲ್ಲ, 25 ಮಿ.ಮೀ. ಕೇಸಿಂಗ್ ಪಟ್ಟಿ, ಅದನ್ನ ತಗೋರಿ. ಒಳಗ ಕಂತಿ ಕೂಡಿಸಿ ಮ್ಯಾಲೆ ಕ್ಯಾಪಿಂಗ್ ಒತ್ತಿದ್ರ ಮುಗೀತು.

ಮಾಡೂ ಕ್ರಮ ಹಿಂಗದ. ಒಂದು ಹಲಗಿ ಮ್ಯಾಲೆ ಸರಿಯಾಗಿ ಒಂದು ಮೀಟರಿಗೆ ನಾಲ್ಕು ಮೊಳಿ ಹೊಡದು 9 ಸುತ್ತು ಸುತ್ತರಿ. ಪ್ರತಿ 10 ಸೆಂ.ಮೀ.ಗೆ ನೂಲಿಲೆ ಕಟ್ಟರಿ. ಮೊಳಿ ತೆಗದು ಕಂತಿ ಬಿಡಿಸಿ, 12 ಮಿ.ಮೀ. ಪ್ಲೈವುಡ್ ಪಟ್ಟಿ ನಾಲ್ಕು ಕೂಡಿಸಿದ ಚೌಕಟ್ಟಿನ ಮ್ಯಾಲೆ ಕೇಸಿಂಗ್ ಅಂಟಿಸಿ ಅದರಾಗ ಇಡ್ರಿ. ಮೂಲಿ ಜೋಡಣಿಗೆ ಕಟ್ಟಿಗಿ ಗೂಟ ಮತ್ತ ಅಂಟು. ಸ್ಕ್ರೂ, ಎಲ್ ಪಟ್ಟಿ, ಪಿನ್ನು ಯಾವುದೂ ಬ್ಯಾಡ. ಹಿಡಕೊಳ್ಳಲಿಕ್ಕೆ ಎರಡೂ ಕಡೆ ಹಗ್ಗ, ಇಲ್ಲಾ ಬಿದಿರಿನ ಗಳ.

ತಂತಿ ಅಲಗಾಡಬಾರದು. ಕಂತಿಯೊಳಗ ಒಂದು ಸುತ್ತು ಸಡ್ಲ ಇದ್ರೂ ನಡದಾಗೆಲ್ಲ ಇಂಡಕ್ಟೆನ್ಸ್ ಅಷ್ಟಷ್ಟು ಬದಲಾಗಿ ಸುಳ್ಳು ದನಿ ಬರ್ತದ. ಗ್ಲೂ ಗನ್ನಿಂದ ಗೇಣಿಗೊಂದು ಹನಿ ಹಾಕಿ ಮುಚ್ಚರಿ. ಬೋರ್ಡಿಗೆ ಹೋಗೂ ಎರಡು ತುದಿ ಒಂದಕ್ಕೊಂದು ಹೊಸದು ಬಿಗಿ ಮಾಡ್ರಿ, ಒಂದೂವರಿ ಮೀಟರಿಗಿಂತ ಉದ್ದ ಬ್ಯಾಡ. ಜೋಡಣಿ ಎಲ್ಲಾ ಬೆಸಗಿಲೇ ಆಗಬೇಕು. ಒತ್ತಿದ ಲಗ್ಗು ಒಂದು ಮಳಿಗಾಲಕ್ಕ ಕಿಲುಬು ಹಿಡದು ಚರಚರ ಅಂತದ.

ಸುತ್ತು-ಗೇಜ್ (ಹುಬ್ಬಳ್ಳಿ)

ಇನ್ನು ಬೋರ್ಡಿನ ಕಡೆ. ಹೆಚ್ಚಿನವರು ತಪ್ಪುವುದು ಇಲ್ಲೇ, ಅದಕ್ಕೆ ಬಿಡಿಸಿ ಬರೆಯುತ್ತೇನೆ.

ಡಿಲೇ ಕಡಿಮೆ ಇದ್ದಷ್ಟೂ ಒಳ್ಳೆಯದು ಎನ್ನುವ ಮಾತು ಸಣ್ಣ ಚಿನ್ನಕ್ಕೆ ಮಾತ್ರ ನಿಜ. ಬೀಡಿನ ದಪ್ಪ ಮುಚ್ಚಳದಲ್ಲಿ ಹುಟ್ಟಿದ ಸುಳಿ ಕರೆಂಟು ನೂರಾರು ಮೈಕ್ರೊಸೆಕೆಂಡ್ ಉಳಿಯುತ್ತದೆ. ನೀವು 12ಕ್ಕೆ ಕೇಳಲು ಶುರುಮಾಡಿದರೆ ಮುಚ್ಚಳದ ಜತೆ ತೆಳು ಹಾಳೆ, ಬಿರಡೆ, ಮಣ್ಣಿನ ಸದ್ದು ಎಲ್ಲ ಕೇಳುತ್ತೀರಿ. ಡಿಲೇ 35–40ಕ್ಕೆ ಏರಿಸಿ. ಮುಚ್ಚಳದ ದನಿ ಸ್ವಲ್ಪವೇ ಇಳಿಯುತ್ತದೆ, ಉಳಿದದ್ದು ಬಹುಪಾಲು ಅಡಗುತ್ತದೆ.

ಪಲ್ಸ್ ಅಗಲ 250 ಮೈಕ್ರೊಸೆಕೆಂಡ್ ಮಾಡಿ. ದೊಡ್ಡ ಲೋಹಕ್ಕೆ ಕ್ಷೇತ್ರ ಹೊಕ್ಕಲು ಸಮಯ ಬೇಕು. ಕಾಯಿಲ್, ಮಾಸ್ಫೆಟ್, ತಂತಿ ಸೇರಿ 1.65 ಓಮ್ ಹಿಡಿದರೆ 12 ವೋಲ್ಟಿಗೆ ಗರಿಷ್ಠ ಕರೆಂಟು ಐದೂವರೆ ಆಂಪಿಯರ್ ಹತ್ತಿರ ಬರುತ್ತದೆ. ಐಆರ್‌ಎಫ್ 740 ಅದನ್ನು ತಾಳುತ್ತದೆ, ಆದರೆ ಸಣ್ಣ ಹೀಟ್‌ಸಿಂಕ್ ಹಾಕಿ, ಸೆಕೆಂಡಿಗೆ ಪಲ್ಸ್ ಸಂಖ್ಯೆ 100–200ಕ್ಕೆ ಇಳಿಸಿ. ಮಾಸ್ಫೆಟ್ ಪಕ್ಕದಲ್ಲೇ 2200 ಮೈಕ್ರೊಫ್ಯಾರಡ್, 25 ವೋಲ್ಟ್ ಕೆಪಾಸಿಟರ್ ಇರಲಿ. ಇಲ್ಲದಿದ್ದರೆ ಪ್ರತಿ ಪಲ್ಸಿಗೂ ಬ್ಯಾಟರಿ ತಂತಿಯಲ್ಲಿ ವೋಲ್ಟ್ ಕುಸಿದು ಆ ಏರಿಳಿತ ಆಂಪ್ಲಿಫಯರಿಗೆ ನುಗ್ಗುತ್ತದೆ.

ಡ್ಯಾಂಪಿಂಗ್ ರೆಸಿಸ್ಟರ್ (ಪಲ್ಸ್ ಆರಿದ ಮೇಲೆ ಕಾಯಿಲಿನ ತುಯ್ದಾಟ ಅಡಗಿಸುವುದು) ಹೊಸ ಕಾಯಿಲ್‌ಗೆ ಹೊಸದಾಗಿ ಹೊಂದಿಸಲೇಬೇಕು. ಸರಿಯಾದ ಬೆಲೆ ಇಂಡಕ್ಟೆನ್ಸನ್ನು ಕಾಯಿಲ್, ಕೇಬಲ್, ಮಾಸ್ಫೆಟ್ ಸೇರಿದ ಒಟ್ಟು ಕೆಪಾಸಿಟೆನ್ಸಿನಿಂದ (ವಿದ್ಯುತ್ ಹಿಡಿದಿಡುವ ಗುಣದ ಅಳತೆ) ಭಾಗಿಸಿ, ವರ್ಗಮೂಲ ತೆಗೆದು, ಅರ್ಧ ಮಾಡಿದಷ್ಟು. 300 ಮೈಕ್ರೊಹೆನ್ರಿಗೆ ಕೆಪಾಸಿಟೆನ್ಸ್ 400 ಪಿಕೊಫ್ಯಾರಡ್ ಇದ್ದರೆ 430 ಓಮ್, 150 ಇದ್ದರೆ 700 ಓಮ್. ಲೆಕ್ಕ ಶುರುವಿಗೆ ಮಾತ್ರ. 220 ಓಮ್ ರೆಸಿಸ್ಟರ್ ಜತೆ 1 ಕಿಲೋಓಮ್ ಕಾರ್ಬನ್ ಪ್ರಿಸೆಟ್ ಸರಣಿಯಲ್ಲಿ ಹಾಕಿ, ಆಸಿಲೋಸ್ಕೋಪಿನಲ್ಲಿ ಪ್ರೀಆಂಪ್ (ಬೋರ್ಡಿನ ಮೊದಲ ಆಂಪ್ಲಿಫಯರ್) ಹೊರಬಾಯಿ ನೋಡುತ್ತ ತಿರುಗಿಸಿ. ಗೆರೆ ಸೊನ್ನೆಯ ಆಚೆ ಹಾರಿ ತಿರುಗಿ ಬರುತ್ತಿದ್ದರೆ ಓಮ್ ಹೆಚ್ಚಾಗಿದೆ. ಎಳೆದೆಳೆದು ನಿಧಾನ ಇಳಿಯುತ್ತಿದ್ದರೆ ಕಡಿಮೆಯಾಗಿದೆ. ಹಾರದೆ ಬೇಗ ಇಳಿಯುವ ಜಾಗ ಸಿಕ್ಕ ಮೇಲೆ ಅಳೆದು ಅಷ್ಟೇ ಬೆಲೆಯ 2 ವಾಟ್ ಮೆಟಲ್ ಫಿಲ್ಮ್ ಹಾಕಿ. ತಂತಿ ಸುತ್ತಿದ ರೆಸಿಸ್ಟರ್ ಬೇಡ, ಅದೇ ಒಂದು ಕಾಯಿಲ್.

ಸ್ಕೋಪ್ ಪ್ರೋಬನ್ನು ನೇರ ಕಾಯಿಲ್ ತುದಿಗೆ ಮುಟ್ಟಿಸಬೇಡಿ. ಮಾಸ್ಫೆಟ್ ಆರಿದ ಕ್ಷಣ ಅಲ್ಲಿ 400 ವೋಲ್ಟ್ ಏಳುತ್ತದೆ. ಕೈಗೂ ಅದೇ ಮಾತು.

ಮಸಾರಿ ನೆಲ (ಹಾನಗಲ್)

ಮೇಲಿನದಕ್ಕೆ ನೆಲದ ವಿಚಾರ ಸೇರಿಸುತ್ತೇನೆ. ಗಾಳಿಯಲ್ಲಿ ಹಿಡಿದು ಅಳೆದ ಆಳ ನೆಲದಲ್ಲಿ ಸಿಗುವುದಿಲ್ಲ, ಎಷ್ಟು ಕಡಿಮೆಯಾಗುತ್ತದೆ ಎನ್ನುವುದು ಮಣ್ಣಿನ ಮೇಲೆ. ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಸೂಕ್ಷ್ಮ ಕಬ್ಬಿಣದ ಕಣಗಳು ಪಲ್ಸ್ ನಿಂತ ಮೇಲೂ ತಮ್ಮ ಕಾಂತತೆಯನ್ನು ನಿಧಾನ ಬಿಡುತ್ತವೆ. ಅದು ಲೋಹದಂತೆಯೇ ಕೇಳುತ್ತದೆ. ಕಾಯಿಲ್ ದೊಡ್ಡದಾದಷ್ಟೂ ಅದು ಒಮ್ಮೆಗೆ ನೋಡುವ ಮಣ್ಣು ಹೆಚ್ಚು, ಈ ಸದ್ದೂ ಹೆಚ್ಚು. ಕಪ್ಪತಗುಡ್ಡದ ಕಡೆಯ ಕಬ್ಬಿಣದ ಪಟ್ಟೆಕಲ್ಲು ಗರಸಿನಲ್ಲಿ ಸೇರಿದ್ದರೆ ಒಂದು ಕಲ್ಲೇ ಗುರಿಯಂತೆ ಕೂಗುತ್ತದೆ. ಎರೆಭೂಮಿಯಲ್ಲಿ ತೊಂದರೆ ಬೇರೆ: ಹಸಿಯಿದ್ದಾಗ ಮಣ್ಣೇ ವಿದ್ಯುತ್ ಹರಿಸುತ್ತದೆ, ಉಪ್ಪು ಬಿಟ್ಟ ಹೊಲದಲ್ಲಂತೂ ಇನ್ನೂ ಹೆಚ್ಚು. ಅದು ಬೇಗ ಸಾಯುವ ಸದ್ದು, ಡಿಲೇ ಏರಿಸಿದರೆ ಹೋಗುತ್ತದೆ. ಜಂಬಿಟ್ಟಿಗೆಯದು ಡಿಲೇ ಏರಿಸಿದರೂ ಪೂರ್ತಿ ಹೋಗುವುದಿಲ್ಲ, ಅದಕ್ಕೆ ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಸದ್ದನ್ನು ಕಳೆಯುವ ಹೊಂದಾಣಿಕೆ) ಇರುವ ಯಂತ್ರವೇ ಬೇಕು.

ಪರೀಕ್ಷೆ ಸುಲಭ. ಲೋಹ ಇಲ್ಲದ ಜಾಗದಲ್ಲಿ ಕಾಯಿಲ್‌ನ್ನು ನೆಲದಿಂದ ಮೊಣಕಾಲೆತ್ತರಕ್ಕೆ ಎತ್ತಿ ಇಳಿಸಿ. ಇಳಿಸಿದಾಗಲೆಲ್ಲ ದನಿ ಏರಿದರೆ ನೆಲ ಮಾತಾಡುತ್ತಿದೆ. ಆಗ ಒಂದು ಮೀಟರ್ ಕಾಯಿಲ್‌ನ್ನು ನೆಲಕ್ಕೆ ತಾಗಿಸದೆ ಒಂದೇ ಎತ್ತರದಲ್ಲಿ, 15–20 ಸೆಂ.ಮೀ. ಮೇಲೆ, ಹೊತ್ತು ನಡೆಯಿರಿ. ಒಂದು ಮೀಟರ್ ಆಳದ ಗುರಿಗೆ ಅಷ್ಟು ಎತ್ತರದಿಂದಾಗುವ ನಷ್ಟಕ್ಕಿಂತ ಮಣ್ಣಿನ ಸದ್ದು ಇಳಿದ ಲಾಭ ದೊಡ್ಡದು.

ವಿಎಲ್‌ಎಫ್ ಬಳಸುವವರಿಗೆ ಇದೇ ಮಾತು ಇನ್ನೂ ಬಿಗಿಯಾಗಿ. ಕಬ್ಬಿಣದ ನೆಲದಲ್ಲಿ 15 ಇಂಚಿನ ಕಾಯಿಲ್ ಹಾಕಿದರೆ 11 ಇಂಚಿನದಕ್ಕಿಂತ ಆಳ ಕಡಿಮೆಯಾಗುವುದುಂಟು. ಅಲ್ಲಿ ಡಬಲ್ ಡಿ (ಡಿ ಆಕಾರದ ಎರಡು ಸುತ್ತು ಬೆನ್ನಿಗೆ ಬೆನ್ನು ಕೂರಿಸಿದ) ಕಾಯಿಲ್, ಅದೂ ಚಿಕ್ಕದು. ಒಂದರೊಳಗೊಂದು ದುಂಡು ಇರುವ ಕಾನ್ಸೆಂಟ್ರಿಕ್ ಸೌಮ್ಯ ಮಣ್ಣಿಗೆ ಚೆನ್ನ. ಗ್ಯಾರೆಟ್ ಕಂಪನಿಯ ಏಸ್ 250 ಯಂತ್ರದ ಜತೆ ಬರುವುದು 6.5×9 ಇಂಚಿನ ಕಾನ್ಸೆಂಟ್ರಿಕ್. ಕೆಂಪು ನೆಲದಲ್ಲಿ ಅದು ಕಿರಿಕಿರಿ ಮಾಡಿದರೆ ಯಂತ್ರ ಬದಲಿಸುವ ಮೊದಲು ಅದೇ ಕಂಪನಿಯ 8.5×11 ಡಬಲ್ ಡಿ ಹಾಕಿ ನೋಡಿ.

ಕಣದ ಬದಿ (ಬ್ಯಾಡಗಿ)

ಇದೇ ಚರ್ಚೆಯಲ್ಲಿ ಕೇಳಲೇ? ಮೆಣಸಿನಕಾಯಿ ಒಣ ಹಾಕಿದ ಕಣದಲ್ಲಿ ಮೂಗುತಿ ಕಳೆದಿದೆ. ಚಿನ್ನದ್ದು, ಚಿಕ್ಕದು. ನಮ್ಮ ಕಡೆಯೂ ಇಂಥದೇ ಪಲ್ಸ್ ಕಿಟ್ ಇದೆ. ದೊಡ್ಡ ಕಾಯಿಲ್ ಹಾಕಿದರೆ ಕಣ ಬೇಗ ಮುಗಿಯುತ್ತದಲ್ಲವೇ?

ಸುತ್ತು-ಗೇಜ್ (ಹುಬ್ಬಳ್ಳಿ)

ಬೇಗ ಮುಗಿಯುತ್ತದೆ, ಮೂಗುತಿ ಸಿಗುವುದಿಲ್ಲ. ನಿಮ್ಮದು ಪೂರ್ತಿ ಉಲ್ಟಾ ಲೆಕ್ಕ. ಮೂಗುತಿಯಲ್ಲಿ ಹುಟ್ಟುವ ಕರೆಂಟು ಕೆಲವೇ ಮೈಕ್ರೊಸೆಕೆಂಡಿನಲ್ಲಿ ಸಾಯುತ್ತದೆ. 12ಕ್ಕೆ ಕೇಳಲು ಶುರುಮಾಡುವ ಹೊತ್ತಿಗೆ ಬಹುಪಾಲು ಹೋಗಿರುತ್ತದೆ. ಡಿಲೇ 8–10ಕ್ಕೆ ಇಳಿಯಬೇಕು, ಕಾಯಿಲ್ 15–20 ಸೆಂ.ಮೀ. ಇರಬೇಕು, ಮತ್ತು ಅದು ಚುರುಕಾಗಿರಬೇಕು.

ಚುರುಕು ಬರುವುದು ಕೆಪಾಸಿಟೆನ್ಸ್ ಇಳಿದಾಗ. ಪಿವಿಸಿ ಹೊದಿಕೆಯ ತಂತಿಗಿಂತ ಟೆಫ್ಲಾನ್ ಹೊದಿಕೆಯದು ವಾಸಿ. ಕಂತೆಗೂ ಶೀಲ್ಡಿಗೂ (ಹೊರಗಿನ ಗದ್ದಲ ತಡೆಯಲು ಕಂತೆಯ ಸುತ್ತ ಹಾಕುವ, ವಿದ್ಯುತ್ ಹರಿಸುವ ಹೊದಿಕೆ) ನಡುವೆ 3 ಮಿ.ಮೀ. ಅಂತರ ಬಿಡಿ, ವೈರ್ ಕಟ್ಟುವ ಪ್ಲಾಸ್ಟಿಕ್ ಸ್ಪೈರಲ್ ಸುರುಳಿ ಸುತ್ತಿದರೆ ಸಾಕು. ಕೇಬಲ್ ಚಿಕ್ಕದಿರಲಿ: ಆರ್‌ಜಿ 58 ಮೀಟರಿಗೆ 100 ಪಿಕೊಫ್ಯಾರಡ್ ಸೇರಿಸುತ್ತದೆ. ಪಲ್ಸ್ ಕರೆಂಟನ್ನೂ 2 ಆಂಪಿಯರಿಗೆ ಇಳಿಸಿ. 300 ಮೈಕ್ರೊಹೆನ್ರಿಯಲ್ಲಿ 5.5 ಆಂಪಿಯರ್ ಇದ್ದರೆ ಮಾಸ್ಫೆಟ್ ತನ್ನ 400 ವೋಲ್ಟಿನ ಮಿತಿಯಲ್ಲಿ 4 ಮೈಕ್ರೊಸೆಕೆಂಡ್ ಸಿಕ್ಕಿಕೊಂಡಿರುತ್ತದೆ. 2 ಆಂಪಿಯರಿಗೆ ಒಂದೂವರೆ. ಇಲ್ಲಿ ಪವರ್ ಕಡಿಮೆ ಮಾಡಿದರೇ ಚಿನ್ನದ ದನಿ ಏರುತ್ತದೆ.

ಮುಗಿಸುವ ಮಾತು: ಯಾರ ಹತ್ತಿರವಾದರೂ 15–20 ಕಿಲೋಹರ್ಟ್ಸ್ ವಿಎಲ್‌ಎಫ್ ಯಂತ್ರ, 6 ಇಂಚಿನ ಕಾಯಿಲ್ ಇದ್ದರೆ ಅದನ್ನೇ ತನ್ನಿ. ಕಣಕ್ಕೆ ದಾರ ಹಾಕಿ ಪಟ್ಟೆ ಮಾಡಿ, ಕಾಯಿಲ್ ನೆಲ ಸವರುವಂತೆ, ಅರ್ಧ ಕಾಯಿಲ್ ಅಗಲ ಒಂದರ ಮೇಲೊಂದು ಬರುವಂತೆ ಆಡಿಸಿ. ಕಣಕ್ಕೆ ಸಿಮೆಂಟ್ ಹಾಕಿ ಒಳಗೆ ಸರಳು ಕೊಟ್ಟಿದ್ದರೆ ಜಾಲರಿಯೇ ಕೂಗುತ್ತದೆ. ಆಗ ಧೂಳನ್ನು ಗುಡಿಸಿ ಗೋಣಿ ಮೇಲೆ ಹರಡಿ, ಬೇರೆ ಜಾಗದಲ್ಲಿ ನೋಡಿ.

ಕಪ್ಪತ್ತ (ಮುಂಡರಗಿ)

ಶೀಲ್ಡಿನ ಮಾತು ಬಂತು, ಅದಕ್ಕ ಹೇಳತೇನಿ. ಶೀಲ್ಡ್ ಪೂರ್ತಿ ಬಳಿ ಆಗಬಾರದು, ಒಂದು ಕಡೆ 1 ಸೆಂ.ಮೀ. ಬಾಯಿ ಬಿಡಬೇಕು. ಮುಚ್ಚಿದ್ರ ಅದೇ ಒಂದು ಸುತ್ತಿನ ಶಾರ್ಟ್ ಆಗಿ ಎಲ್ಲಾ ದನಿ ನುಂಗತೈತಿ. ಅಲ್ಯೂಮಿನಿಯಂ ಟೇಪಿನ ಅಂಟು ವಿದ್ಯುತ್ ಹರಿಸಾಂಗಿಲ್ಲ, ತುಂಡು ತುಂಡು ಹಚ್ಚಿದ್ರ ಒಂದಕ್ಕೊಂದು ಸಂಬಂಧ ಇರಾಂಗಿಲ್ಲ. ಉದ್ದಕ್ಕೂ ಬರೇ ತವರ ಲೇಪದ ತಂತಿ ಒಂದನ್ನ ತಾಗಿಸಿ ಗ್ರೌಂಡಿಗೆ ಕೊಡ್ರಿ. ಕಡಿಮಿ ಡಿಲೇಕ್ಕ ಅಲ್ಯೂಮಿನಿಯಂ ಹಾಳೀನೇ ಲೋಹ ಆಗಿ ಕಾಣತೈತಿ. ಅಲ್ಲಿ ಗ್ರಾಫೈಟ್ ಪುಡಿನ ವಾರ್ನಿಷ್‌ನ್ಯಾಗ ಕಲಸಿ ಬಳೀರಿ. ಒಣಗಿದ ಮ್ಯಾಲೆ ತುದಿಯಿಂದ ತುದಿಗೆ ಕೆಲವು ನೂರು ಓಮಿಂದ ಒಂದೆರಡು ಸಾವಿರ ಓಮಿನ ಒಳಗ ಇರಬೇಕು.

ಶೀಲ್ಡ್ ಸರಿ ಐತೋ ಇಲ್ಲೋ ಅನ್ನೋದಕ್ಕ ಹಸಿ ಬಟ್ಟಿ ಕಾಯಿಲ್ ಮ್ಯಾಲೆ ಎಳದು ನೋಡ್ರಿ. ದನಿ ಬಂದ್ರ ಹಸಿ ಹುಲ್ಲಿನ್ಯಾಗ ನಡಿಯಾಂಗಿಲ್ಲ.

ನಮ್ಮ ಗದಗ ಕಡೆ ಇನ್ನೊಂದು ತ್ರಾಸು, ಗಾಳಿ ಗಿರಣಿ, ದೊಡ್ಡ ಲೈನು, ಸೋಲಾರ್ ಪಂಪಿನ ಡ್ರೈವು. ಒಂದು ಮೀಟರ್ ಕಾಯಿಲ್ ಅಂದ್ರ ದೊಡ್ಡ ಆಂಟೆನಾನೇ. ಅಲ್ಲೆ ಎಂಟರ ಆಕಾರದ ಕಾಯಿಲ್ ಕಟ್ಟರಿ: ಅಕ್ಕಪಕ್ಕ ಎರಡು ಚೌಕ, ಒಂದು ಬಲಕ್ಕ ಸುತ್ತಿದ್ದು, ಇನ್ನೊಂದು ಎಡಕ್ಕ. ದೂರದ ಲೈನಿನ ಗದ್ದಲ ಎರಡರಾಗೂ ಒಂದೇ ಅಳತಿ ಬಂದು ಒಂದನ್ನೊಂದು ಹೊಡಿತೈತಿ. ಆಳ ಒಂದಿಷ್ಟು ಕಡಿಮಿ ಆಕ್ಕೇತಿ, ಖರೆ, ಗದ್ದಲದಾಗ ಮುಳುಗಿದ ಆಳಕ್ಕಿಂತ ಇದು ಹೆಚ್ಚು. ಇಷ್ಟು ಬ್ಯಾಡ ಅಂದ್ರ ಪಲ್ಸ್ ಸಂಖ್ಯಾ 50ರ ಗುಣಕದಿಂದ ಅತ್ತಿತ್ತ ಸರಿಸಿ, ದನಿ ಶಾಂತ ಆಗೋ ಜಾಗ ಹುಡುಕರಿ.

ಹೊಸಬ (ಗದಗ)

ಸರ್, ಲಕ್ಕುಂಡಿ ಕಡೆ ಹಳೇ ಬಾವಿ, ಗುಡಿ ಸುತ್ತ ಒಂದೂವರೆ ಮೀಟರ್ ಆಳ ನೋಡಲು ಇದೇ ಕಾಯಿಲ್ ಸಾಕೇ?

ಮಸಾರಿ ನೆಲ (ಹಾನಗಲ್)

ಆ ಕೆಲಸಕ್ಕೆ ಇಲ್ಲಿ ಯಾರೂ ಅಳತೆ ಕೊಡಬಾರದು, ನಾನೂ ಕೊಡುವುದಿಲ್ಲ. ಸಂರಕ್ಷಿತ ಸ್ಮಾರಕಗಳಿಗೆ 1958ರ ಕಾಯ್ದೆ ಇದೆ. 2010ರ ತಿದ್ದುಪಡಿಯಲ್ಲಿ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ಸ್ವಂತ ಹೊಲದಲ್ಲಿ ಅಕಸ್ಮಾತ್ ನಿಧಿ ಸಿಕ್ಕರೂ 1962ರ ಕರ್ನಾಟಕ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಲಕ್ಕುಂಡಿ, ಡಂಬಳ, ಬಂಕಾಪುರ, ಗಳಗನಾಥ ಇಂಥ ಊರುಗಳಲ್ಲಿ ಮಣ್ಣಿನ ಪದರವೇ ದಾಖಲೆ. ಒಂದು ಗುಂಡಿ ಅಗೆದರೆ ಆ ಪುಟ ಹರಿದಂತೆ, ಮತ್ತೆ ಯಾರೂ ಓದಲಾರರು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲೂ ಯಂತ್ರ ಹಿಡಿದು ತಿರುಗುವಂತಿಲ್ಲ.

ಎರೆಹೊಲ (ನವಲಗುಂದ)

ಮುಚ್ಚಿದ ಕೊಳವೆಬಾವಿ ಬಾಯಿ ಹುಡುಕುವುದಕ್ಕೂ ಒಂದು ಮೀಟರ್ ಕಾಯಿಲ್ ಬೇಕಾ? ಕೇಸಿಂಗ್ ಕಬ್ಬಿಣದ್ದು, ಉಳುಮೆಗೆ ಅಡ್ಡ ಅಂತ ಎರಡು ಫೂಟು ಕೆಳಗೆ ಕೊಯ್ದು ಮುಚ್ಚಿದ್ದಾರೆ.

ಸಾಧನಕೇರಿ (ಧಾರವಾಡ)

ಬ್ಯಾಡ್ರಿ, 45–50 ಸೆಂ.ಮೀ. ದುಂಡು ಸಾಕು. ಕೇಸಿಂಗ್ ಮ್ಯಾಲಿಂದ ನೋಡಿದ್ರ ಮುಚ್ಚಿದ ಕಬ್ಬಿಣದ ಬಳಿ, ಸುಳಿ ಕರೆಂಟು ಹರೀಲಿಕ್ಕೆ ಅದಕ್ಕಿಂತ ಚಲೋ ಆಕಾರ ಇಲ್ಲ. ಅಗಲಕ್ಕ ಹೋಲಿಸಿದ್ರ ದನಿ ಗಟ್ಟಿ ಬರ್ತದ. ಪಿವಿಸಿ ಕೇಸಿಂಗ್ ಆಗಿದ್ರ ಮಾತ್ರ ಏನೂ ಕೇಳೂದಿಲ್ಲ. ಸಿಕ್ಕ ಕೂಡಲೇ ಕ್ಯಾಪ್ ಹಾಕಿ ವೆಲ್ಡ್ ಮಾಡಸ್ರಿ, ತೆರದು ಬಿಡಬ್ಯಾಡ್ರಿ.

ಬೆಣ್ಣಿಹಳ್ಳ (ರೋಣ)

ನಮ್ಮ ಕೆಲಸಕ್ಕ ಕಡೀ ಪ್ರಶ್ನೆ. ಒಂದು ಮೀಟರ್ ಚೌಕ ದನಿ ಕೊಟ್ರ ಗುದ್ದಲಿ ಎಲ್ಲಿ ಹಾಕಬೇಕು? ಮೀಟರ್ ಅಗಲದ ಜಾಗ ಅಗಿಯಾಕ ಆಗಾಂಗಿಲ್ಲ, ಡಾಂಬರು ಐತಿ.

ಸುತ್ತು-ಗೇಜ್ (ಹುಬ್ಬಳ್ಳಿ)

ರಸ್ತೆ ಉದ್ದಕ್ಕೆ ನಡೆಯುತ್ತ ದನಿ ಶುರುವಾದ ಜಾಗಕ್ಕೂ ನಿಂತ ಜಾಗಕ್ಕೂ ಕಾಯಿಲ್‌ನ ನಡುಬಿಂದುವಿನಿಂದ ಸುಣ್ಣದ ಗುರುತು ಹಾಕಿ. ನಡುವೆ ಒಂದು ಗೆರೆ. ಆಮೇಲೆ ರಸ್ತೆಗೆ ಅಡ್ಡವಾಗಿ ಅದೇ ರೀತಿ. ಎರಡು ಗೆರೆ ಕೂಡುವಲ್ಲಿ ಮುಚ್ಚಳದ ನಡು ಇರುತ್ತದೆ. ಗುರುತು ಉದ್ದಕ್ಕೆ ಎಳೆದಂತೆ ಬಂದು ನಿಲ್ಲದಿದ್ದರೆ ಅದು ಪೈಪು ಅಥವಾ ಚರಂಡಿಯ ಸರಳು. ಬೀಡಿನ ಪೈಪ್ ಲೈನೇ ಕೂಗುತ್ತಿದ್ದರೆ ಅದರ ಗುಂಟ ನಡೆದು ದನಿ ಎಲ್ಲಿ ಉಬ್ಬುತ್ತದೆ ನೋಡಿ, ವಾಲ್ವ್ ಅಲ್ಲಿ.

ಕಾಯಿಲ್ ಹೊರುವವರ ಕಿಸೆಯಲ್ಲಿ ಮೊಬೈಲ್, ಕೀಲಿ ಬೇಡ, ಕಾಲಲ್ಲಿ ಕಬ್ಬಿಣದ ಟೋ ಇರುವ ಬೂಟು ಬೇಡ. ಬೈಕು ನಾಲ್ಕೈದು ಮೀಟರ್ ದೂರ ನಿಲ್ಲಿಸಿ. ಪರೀಕ್ಷೆಯನ್ನು ಮನೆ ಒಳಗಾಗಲಿ ಮಾಳಿಗೆ ಮೇಲಾಗಲಿ ಮಾಡಬೇಡಿ, ಸ್ಲ್ಯಾಬಿನ ಸರಳು ಲೆಕ್ಕ ಕೆಡಿಸುತ್ತದೆ. ಬಯಲಲ್ಲಿ ಕಾಯಿಲ್‌ನ್ನು ಎರಡು ಕಟ್ಟಿಗೆ ಸ್ಟೂಲಿನ ನಡುವೆ ನೆಟ್ಟಗೆ ನಿಲ್ಲಿಸಿ, ಅಂಥದೇ ಮುಚ್ಚಳವನ್ನು ಅದಕ್ಕೆ ಎದುರಾಗಿ ದೂರದಿಂದ ತರುತ್ತ ದನಿ ಶುರುವಾಗುವ ದೂರ ಅಳೆದಿಡಿ. ಒಂದೂವರೆ ಮೀಟರ್ ಹತ್ತಿರ ಬರದಿದ್ದರೆ ರಸ್ತೆಗೆ ಹೋಗುವ ಮೊದಲು ಡ್ಯಾಂಪಿಂಗ್ ಮತ್ತೊಮ್ಮೆ ನೋಡಿ.

ಕಪ್ಪತ್ತ (ಮುಂಡರಗಿ)

ಅಗಿಯೋಕಿಂತ ಮೊದಲು ಅಲ್ಲೆ ಕರೆಂಟಿನ ಕೇಬಲ್ ಹೂತಾರೇನು ಅಂತ ಹೆಸ್ಕಾಂ ಲೈನ್‌ಮನ್ನರನ್ನ, ಪಂಚಾಯ್ತಿ ವಾಟರ್‌ಮನ್ನರನ್ನ ಕೇಳ್ರಿ. ಮುಚ್ಚಳ ಯಾವುದು, ಕೇಬಲ್ ಯಾವುದು ಅಂತ ಪಲ್ಸ್ ಯಂತ್ರ ಹೇಳಾಂಗಿಲ್ಲ. ಕಡೀ ಒಂದು ಫೂಟು ಹಾರಿ ಬ್ಯಾಡ, ಸಲಿಕಿಲೇ ಕೆರೀರಿ.